ಕಣಕಿಯ ಕಡ್ಡಿಯೂ ಮಕ್ಕಳ ವಿಮಾನವೂ: ಚಿಂಚೋಳಿ ಸೀಮೆಯ ಗುರುಹಿರಿಯರಿಗೆ ಒಂದು ಬಹಿರಂಗ ಪತ್ರ

ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಸೀಮೆಯ ಪ್ರಾಥಮಿಕ ಶಾಲೆಗಳ ಗುರುವೃಂದಕ್ಕೂ, ಆ ಶಾಲೆಗಳ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಸದಸ್ಯರಿಗೂ,

ಉತ್ತರಕ್ಕೆ ಬೀದರದಲ್ಲಿ ವಾಯುಪಡೆಯ ವೈಮಾನಿಕರು ತರಬೇತಿ ಪಡೆಯುವ ನೆಲೆಯಿದ್ದು, 1996ರಲ್ಲಿ ಅಲ್ಲಿಯೇ ಹುಟ್ಟಿದ ಸೂರ್ಯಕಿರಣ ತಂಡದ ಒಂಬತ್ತು ವಿಮಾನಗಳು ರೆಕ್ಕೆಯ ಬಳಿಯೇ ರೆಕ್ಕೆಯಿಟ್ಟು ಹಾರುವ ಚಾತುರ್ಯವು ದೇಶವಿದೇಶಗಳಲ್ಲಿ ಪ್ರಖ್ಯಾತವಾಗಿರುವುದೂ, ಪಶ್ಚಿಮಕ್ಕೆ ಕಲಬುರಗಿಯ ಮಗ್ಗುಲ ಶ್ರೀನಿವಾಸ ಸರಡಗಿಯಲ್ಲಿ ಮೂರು ಕಿಲೋಮೀಟರಿಗೂ ಮಿಗಿಲಾದ ರನ್‌ವೇಯುಳ್ಳ ವಿಮಾನನಿಲ್ದಾಣವು 2019ರ ನವೆಂಬರ್ 22ರಂದು ಉದ್ಘಾಟನೆಗೊಂಡುದೂ ತಮಗೆ ವಿದಿತವಾದ ಸಂಗತಿಗಳೇ ಆಗಿವೆ. ಹೀಗೆ ಎರಡು ವಿಮಾನನೆಲೆಗಳ ನೆರೆಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು, ತೊಗರಿಯ ಹೊಲದಲ್ಲಿರಲಿ ಶಾಲೆಯ ಅಂಗಳದಲ್ಲಿರಲಿ, ಮೇಲಿನಿಂದ ಸದ್ದು ಕೇಳಿದೊಡನೆ ಕೈಯಲ್ಲಿದ್ದುದನ್ನು ಬಿಟ್ಟು ತಲೆಯೆತ್ತಿ, ಆ ಬೆಳ್ಳನೆಯ ಚುಕ್ಕಿ ಕಣ್ಮರೆಯಾಗುವವರೆಗೂ ನಿಟ್ಟಿಸಿ ನೋಡುತ್ತಾರೆ, ನೋಡಿದ ಮೇಲೆ ಹತ್ತಿರದಲ್ಲಿದ್ದ ಹಿರಿಯರನ್ನು “ಅದು ಹ್ಯಾಂಗ ಹಾರ್ತದ್ರೀ?” ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಬಾಯಿಮಾತಿನಲ್ಲಿ ಸಮಾಧಾನ ಹೇಳುವುದಕ್ಕಿಂತ, ಉತ್ತರವನ್ನು ಮಗುವು ತನ್ನ ಕೈಯಿಂದಲೇ ಕಂಡುಕೊಳ್ಳುವಂತೆ ಮಾಡುವುದು ಲೇಸೆಂಬ ನನ್ನ ನಂಬುಗೆಯನ್ನು ತಮ್ಮೆಲ್ಲರ ಮುಂದೆ ನಿವೇದಿಸಿಕೊಳ್ಳುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಇಷ್ಟೆ. ನಾಲ್ಕನೆಯ ಮತ್ತು ಐದನೆಯ ತರಗತಿಯ ಮಕ್ಕಳಿಗೆ, ಅಂದರೆ ಒಂಬತ್ತು ಹತ್ತು ವರ್ಷದ ವಯಸ್ಸಿನಲ್ಲಿ, ಮಾದರಿ ವಿಮಾನವನ್ನು ಕಟ್ಟಿ ಹಾರಿಸುವ ಹವ್ಯಾಸವನ್ನು ಪರಿಚಯ ಮಾಡಿಸಬೇಕು. ಆ ಮೊದಲ ವಿಮಾನವು ಯಂತ್ರವಿಲ್ಲದ, ಬ್ಯಾಟರಿಯಿಲ್ಲದ, ಕೈಯಿಂದ ಬಿಟ್ಟೊಡನೆ ಗಾಳಿಯಲ್ಲಿ ತೇಲುತ್ತ ಇಳಿಯುವ ಒಂದು ಪುಟ್ಟ ಗ್ಲೈಡರ್ ಆಗಿರಬೇಕು. ಮತ್ತು ಅದನ್ನು ಆದಿಯಿಂದ ಅಂತ್ಯದವರೆಗೂ ಮಗುವೇ ಕಟ್ಟಿರಬೇಕು. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಆಟಿಕೆಯನ್ನು ಕೊಡಿಸುವುದು ಸುಲಭವೇನೋ ಸರಿ. ಆದರೆ ತಾನು ಕಟ್ಟದೆ ಇದ್ದುದನ್ನು ಮಗುವು ತಿದ್ದಲಾರದು, ತಿದ್ದಲಾರದುದು ಮುರಿದ ದಿನವೇ ಮೂಲೆ ಸೇರುತ್ತದೆ, ಅದರೊಡನೆ ಆ ಕುತೂಹಲವೂ ಮೂಲೆ ಸೇರುತ್ತದೆ. ತಾನೇ ಕಟ್ಟಿದುದು ಮುರಿದರೆ ಹಾಗಲ್ಲ. ಎಲ್ಲಿ ಮುರಿಯಿತು, ಏಕೆ ಮುರಿಯಿತು ಎಂದು ಅದೇ ಗಳಿಗೆಯಲ್ಲಿ ನೆಲದ ಮೇಲೆ ಕುಳಿತು ಪರೀಕ್ಷಿಸತೊಡಗುತ್ತದೆ.

ಮಕ್ಕಳ ಆಟವೆಂದು ಇದನ್ನು ಹಗುರವಾಗಿ ಕಾಣಬೇಡಿರೆಂದು ಬೇಡುತ್ತೇನೆ. ಪ್ಯಾರಿಸ್ ನಗರದ ಟ್ಯೂಲರೀಸ್ ಉದ್ಯಾನದಲ್ಲಿ 1871ರ ಆಗಸ್ಟ್ 18ರಂದು ಆಲ್ಫೋನ್ಸ್ ಪೆನೋ ಎಂಬ ಇಪ್ಪತ್ತೊಂದು ವರ್ಷದ ತರುಣನು, ತಿರುಚಿದ ರಬ್ಬರಿನ ಬಲದಿಂದ ತಿರುಗುವ ಪಂಖವುಳ್ಳ ತನ್ನ ಕಿರಿಯ ಮಾದರಿ ವಿಮಾನವನ್ನು ವಿದ್ವಾಂಸರ ಸಮಕ್ಷಮದಲ್ಲಿ 11 ಸೆಕೆಂಡುಗಳ ಕಾಲ ಸ್ಥಿರವಾಗಿ ಹಾರಿಸಿ ತೋರಿಸಿದನು. ಅದರ ಮರುದಿನವೇ ಅಮೆರಿಕೆಯ ಡೇಟನ್ ಪಟ್ಟಣದಲ್ಲಿ ಆರ್ವಿಲ್ ರೈಟ್ ಜನಿಸಿದನೆಂಬುದು ಕಾಕತಾಳೀಯವೇ ಆದರೂ ಮನಸ್ಸಿಗೆ ಹಿತವಾಗುವ ಸಂಗತಿ. 1878ರಲ್ಲಿ, ಆರ್ವಿಲನಿಗೆ ಏಳೂ ಅವನ ಅಣ್ಣ ವಿಲ್ಬರನಿಗೆ ಹನ್ನೊಂದೂ ವರ್ಷಗಳಾಗಿದ್ದಾಗ, ಕ್ರೈಸ್ತ ಧರ್ಮಗುರುವಾಗಿದ್ದ ಅವರ ತಂದೆ ಮಿಲ್ಟನ್ ರೈಟ್ ಪ್ರಯಾಣದಿಂದ ಮನೆಗೆ ಮರಳಿ, ಪೆನೋ ರೂಪಿಸಿದ್ದ ಮಾದರಿಯದೇ ಒಂದು ಹಾರುವ ಆಟಿಕೆಯನ್ನು ತಂದುಕೊಟ್ಟನು. ಬಿದಿರು, ಕಾಗದ, ಬೆಂಡು, ಒಂದು ರಬ್ಬರಿನ ಎಳೆ, ಇವಿಷ್ಟರಿಂದ ಮಾಡಿದ್ದು. ಹುಡುಗರು ಅದು ಮುರಿಯುವವರೆಗೂ ಆಡಿದರು. ಮುರಿದ ಮೇಲೆ ತಾವೇ ಇನ್ನೊಂದನ್ನು ಕಟ್ಟಿದರು. ಕಟ್ಟಿದುದು ಹಾರಿತೆಂಬ ಹಿಗ್ಗಿನಿಂದ ಅದಕ್ಕಿಂತ ದೊಡ್ಡದನ್ನು ಕಟ್ಟಿದರು. ದೊಡ್ಡದಾದಷ್ಟೂ ಅದು ಕಡಿಮೆ ಹಾರಿತು. ಅಳತೆಯನ್ನು ಇಮ್ಮಡಿ ಮಾಡಿದರೆ ಬಲವನ್ನು ಎಂಟುಮಡಿ ಮಾಡಬೇಕಾಗುತ್ತದೆಂಬುದು ಆಗ ತಮಗೆ ತಿಳಿದಿರಲಿಲ್ಲವೆಂದು ಮುಂದೆ ಆ ಸೋದರರೇ ಬರೆದಿದ್ದಾರೆ. ನಿರಾಶರಾದ ಅವರು ಗಾಳಿಪಟ ಹಾರಿಸುವುದಕ್ಕೆ ತಿರುಗಿದರು. 1903ರ ಡಿಸೆಂಬರ್ 17ರಂದು ಆರ್ವಿಲನನ್ನು ಹೊತ್ತು ನೆಲಬಿಟ್ಟೆದ್ದ ಅವರ ವಿಮಾನವು ಮೊದಲ ಸಲ ಗಾಳಿಯಲ್ಲಿ ಇದ್ದುದು 12 ಸೆಕೆಂಡುಗಳು ಮಾತ್ರ, ಪೆನೋನ ಮಾದರಿಗಿಂತ ಒಂದೇ ಸೆಕೆಂಡು ಹೆಚ್ಚು.

ಇನ್ನು ನಮ್ಮ ಸೀಮೆಯ ಮಾತಿಗೆ ಬರುತ್ತೇನೆ. ಮಾದರಿ ವಿಮಾನಗಳನ್ನು ಕಟ್ಟುವವರು ಜಗತ್ತಿನಾದ್ಯಂತ ಮೆಚ್ಚುವ ಬಾಲ್ಸಾ ಮರವು ಬಹುಮಟ್ಟಿಗೆ ದಕ್ಷಿಣ ಅಮೆರಿಕೆಯ ಎಕ್ವಡಾರ್ ದೇಶದಿಂದ ಬರತಕ್ಕದ್ದು. ಅದು ಸುಲೇಪೇಟೆಯ ಅಂಗಡಿಯಲ್ಲಾಗಲಿ ಐನಾಪುರದ ಸಂತೆಯಲ್ಲಾಗಲಿ ದೊರೆಯಲಾರದೆಂದು ಯಾರೂ ಚಿಂತಿಸಬೇಕಾದುದಿಲ್ಲ. ಜೋಳದ ರಾಶಿಯಾದ ಮೇಲೆ ಪ್ರತಿ ರೈತನ ಹಿತ್ತಿಲಿನಲ್ಲೂ ಕಣಕಿಯ ಬಣವಿ ಏಳುತ್ತದಷ್ಟೆ. ಆ ಕಣಕಿಯ ತುದಿಯಲ್ಲಿ, ತೆನೆಯನ್ನು ಹೊತ್ತಿದ್ದ ಭಾಗವು, ಗಣ್ಣಿಲ್ಲದೆ ನೀಳವಾಗಿ, ಹೊರಗೆ ನುಣುಪಾದ ಗಟ್ಟಿ ಸಿಪ್ಪೆಯಿಂದಲೂ ಒಳಗೆ ಬಿಳಿಯ ಬೆಂಡಿನಿಂದಲೂ ಕೂಡಿರುತ್ತದೆ. ಹಗುರವೂ ಹೌದು, ನೆಟ್ಟಗೂ ಹೌದು, ಒಂದಿಷ್ಟು ಬಾಗಿದರೂ ಮುರಿಯದೆ ತನ್ನ ನೆಲೆಗೆ ಮರಳತಕ್ಕದ್ದೂ ಹೌದು. ಬೆಂಡಿನ ತುಂಡುಗಳನ್ನು ಸಿಪ್ಪೆಯ ಸಿಬಿರುಗಳಿಂದ ಚುಚ್ಚಿ ಜೋಡಿಸಿ ಬಂಡಿ ಮಾಡುವ ವಿದ್ಯೆ ನಮ್ಮ ಹಳ್ಳಿಯ ಮಕ್ಕಳಿಗೆ ತಲೆತಲಾಂತರದಿಂದ ಬಂದದ್ದು. ಬಂಡಿ ಕಟ್ಟಿದ ಬೆರಳುಗಳಿಗೆ ವಿಮಾನ ಕಟ್ಟುವುದು ಪರಕೀಯವೆನಿಸದು.

ಅಳತೆಗಳನ್ನೂ ಹೇಳಿಬಿಡುತ್ತೇನೆ. ವಿಮಾನದ ಒಡಲಿಗೆ ಒಂದು ಸ್ಕೇಲಿನ ಉದ್ದದ, ಎಂದರೆ 30 ಸೆಂಟಿಮೀಟರಿನ ಕಣಕಿ ಕಡ್ಡಿ, ರೆಕ್ಕೆಗೆ ದಪ್ಪ ಡ್ರಾಯಿಂಗ್ ಹಾಳೆಯಿಂದ ಕತ್ತರಿಸಿದ, 30 ಸೆಂಟಿಮೀಟರ್ ಉದ್ದ 7 ಸೆಂಟಿಮೀಟರ್ ಅಗಲದ ಪಟ್ಟಿ, ಬಾಲಕ್ಕೆ 12 ಸೆಂಟಿಮೀಟರ್ ಉದ್ದ 4 ಸೆಂಟಿಮೀಟರ್ ಅಗಲದ ಇನ್ನೊಂದು ಪಟ್ಟಿ, ಅದರ ಮೇಲೆ ನೆಟ್ಟಗೆ ನಿಲ್ಲುವ ಒಂದು ಸಣ್ಣ ತುಂಡು, ಮೂತಿಗೆ ಜೇಡಿಮಣ್ಣಿನ ಒಂದು ಗುಂಡು, ಅಂಟಿಗೆ ಫೆವಿಕಾಲ್, ಇವುಗಳಿಗಿಂತ ಹೆಚ್ಚಿನ ಸಾಮಗ್ರಿಯೇ ಬೇಕಿಲ್ಲ. ರೆಕ್ಕೆಯ ಮುಂದಂಚಿನ ಕೆಳಗೆ, ಕಡ್ಡಿಗೂ ಹಾಳೆಗೂ ನಡುವೆ, ಬೆಂಕಿಕಡ್ಡಿಯ ದಪ್ಪದ ಒಂದು ಸಿಬಿರನ್ನಿಟ್ಟರೆ ಅದು ಗಾಳಿಯನ್ನು ತುಸು ಓರೆಯಾಗಿ ಎದುರಿಸುತ್ತದೆ. ರೆಕ್ಕೆಯ ಎರಡು ತುದಿಗಳನ್ನೂ ಎರಡು ಬೆರಳಿನಷ್ಟು ಮೇಲಕ್ಕೆ ಎತ್ತಿರಬೇಕು. ವಿಮಾನವು ಒಂದು ಮಗ್ಗುಲಿಗೆ ವಾಲಿ ಜಾರತೊಡಗಿದಾಗ ಕೆಳಗಾದ ರೆಕ್ಕೆಯು ಎದುರಾದ ಗಾಳಿಯನ್ನು ಹೆಚ್ಚು ಓರೆಯಾಗಿ ಪಡೆದು, ತನ್ನಷ್ಟಕ್ಕೆ ತಾನೇ ಮೇಲೇಳುವುದು ಈ ಏರಿಕೆಯ ದೆಸೆಯಿಂದಲೇ.

ಇವನ್ನೆಲ್ಲ ಜೋಡಿಸುವುದು ಎಲ್ಲಿ ಎಂಬುದೂ ಮುಖ್ಯ. ಡೊಂಕಾದ ಹಲಗೆಯ ಮೇಲೆ ಕಟ್ಟಿದ ರೆಕ್ಕೆ ಡೊಂಕಾಗಿಯೇ ಒಣಗುತ್ತದೆ; ಡೊಂಕು ರೆಕ್ಕೆಯ ವಿಮಾನ ನೇರವಾಗಿ ಹಾರದು. ಈ ಕಾರಣದಿಂದ ಮಾದರಿ ಕಟ್ಟುವವರು ಸಮತಟ್ಟಾದ ಹಾಸನ್ನು ಬಹಳ ಪ್ರಯಾಸದಿಂದ ಹುಡುಕುತ್ತಾರೆ. ನಾಡಿಗೆಲ್ಲ ನೆಲಹಾಸು ಒದಗಿಸಿದ ಶಹಾಬಾದ ಪರಸಿ ನಮ್ಮ ಶಾಲೆಗಳ ಕಾಲಡಿಯಲ್ಲೇ ಇರಲು ನಮಗೆ ಆ ಪ್ರಯಾಸವೇಕೆ? ಪಾಲಿಶ್ ಮಾಡಿದ ಒಂದು ಒಳ್ಳೆಯ ಪರಸಿಯನ್ನು ಕೊಠಡಿಯ ಬೆಳಕು ಬೀಳುವ ಮೂಲೆಯಲ್ಲಿ ಎರಡು ಇಟ್ಟಿಗೆಗಳ ಮೇಲೆ ಇರಿಸಿದರೆ, ಕಟ್ಟುವ ಮೇಜೂ ಅದೇ, ತಪ್ಪನ್ನು ತೋರಿಸಿಕೊಡುವ ಪರೀಕ್ಷಕನೂ ಅದೇ.

ಅದು ಹೇಗೆ ಪರೀಕ್ಷಕನಾಗುತ್ತದೆಂಬುದನ್ನು ಒಂದು ಶಾಲೆಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ತಾಂಡಾದಿಂದ ಬರುವ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳ ವಿಮಾನವು ಬಿಟ್ಟಾಗಲೆಲ್ಲ ಎಡಕ್ಕೆ ತಿರುಗಿ ಗೋಡೆಗೆ ಬಡಿಯುತ್ತಿತ್ತು. ಗುರುಗಳು ಏನನ್ನೂ ಹೇಳಲಿಲ್ಲ. ಹೇಳದೆ ಇದ್ದುದೇ ಅವರ ದೊಡ್ಡತನ. ಹುಡುಗಿ ಸುಮ್ಮನೆ ಒಳಗೆ ಬಂದು, ರೆಕ್ಕೆಯನ್ನು ಬಿಚ್ಚಿ ಪರಸಿಯ ಮೇಲೆ ಬೋರಲಾಗಿ ಇಟ್ಟು, ತಲೆಯನ್ನು ಕಲ್ಲಿನ ಮಟ್ಟಕ್ಕೆ ತಗ್ಗಿಸಿ ಒಂದು ಕಣ್ಣು ಮುಚ್ಚಿ ನೋಡಿದಳು. ಎಡತುದಿಯ ಮುಂದಂಚಿನ ಕೆಳಗೆ ಒಂದು ಎಳೆ ಬೆಳಕು ನುಸುಳುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ, ಬಾಯಿಯ ಬಿಸಿ ಉಸಿರನ್ನು ಊದಿ, ಮತ್ತೆ ಒತ್ತಿ, ಬೆಳಕು ಮುಚ್ಚಿಹೋಗುವವರೆಗೂ ತಿದ್ದಿ, ಹೊರಗೆ ಹೋಗಿ ಬಿಟ್ಟಳು. ಅದು ಅಂಗಳವನ್ನು ದಾಟಿ ಧ್ವಜಕಟ್ಟೆಯ ಬುಡದಲ್ಲಿ ಹೊಟ್ಟೆಯೂರಿ ಇಳಿಯಿತು. ಕಾರಣವನ್ನು ಹುಡುಕಿ ಕಾರ್ಯವನ್ನು ತಿದ್ದುವ ಈ ಕ್ರಮವೇ ವಿಜ್ಞಾನವೆಂದು ನಾವು ಪಾಠಪುಸ್ತಕದಲ್ಲಿ ಬಾಯಿಪಾಠ ಮಾಡಿಸುತ್ತಿರುವುದು.

ಆದುದರಿಂದ ಗುರುಗಳಲ್ಲಿ ನನ್ನ ವಿಶೇಷ ಪ್ರಾರ್ಥನೆ ಏನೆಂದರೆ, ಮಗುವಿನ ಕೈಯಿಂದ ವಿಮಾನವನ್ನು ಇಸಿದುಕೊಂಡು ತಾವೇ ಸರಿಪಡಿಸಿ ಕೊಡುವ ಮೋಹವನ್ನು ದಯವಿಟ್ಟು ತಡೆದುಕೊಳ್ಳಬೇಕು. ತಿಳಿಸಬೇಕಾದ ಸೂತ್ರಗಳು ಕೆಲವೇ. ರೆಕ್ಕೆಯ ಮುಂದಂಚಿನಿಂದ ಅದರ ಅಗಲದ ಮೂರರಲ್ಲಿ ಒಂದು ಭಾಗದಷ್ಟು ಹಿಂದೆ, ಎರಡು ಬೆರಳ ತುದಿಗಳ ಮೇಲೆ ವಿಮಾನವನ್ನು ಹೊತ್ತರೆ ಅದು ತಕ್ಕಡಿಯ ದಂಡಿಗೆಯಂತೆ ಸಮನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಮೂತಿಯ ಜೇಡಿಮಣ್ಣನ್ನು ಕೂಡಿಸುವುದೋ ಕಳೆಯುವುದೋ ಮಾಡಬೇಕು. ಮೂತಿ ಹಗುರವಾದರೆ ವಿಮಾನವು ಮೇಲೇರಿ, ಅರೆಗಳಿಗೆ ತಡೆದು, ಕುಸಿದು, ಮತ್ತೆ ಏರಿ, ಹೀಗೆ ಏರಿಳಿಯುತ್ತ ಹೋಗುತ್ತದೆ. ಮೂತಿ ಭಾರವಾದರೆ ನೇರವಾಗಿ ನೆಲಕ್ಕೆ ಇಳಿಯುತ್ತದೆ. ಬಿಡುವಾಗ ಹುಣಸೆಮರಕ್ಕೆ ಕಲ್ಲು ಬೀರಿದ ಹಾಗೆ ಬೀರಕೂಡದು. ಗಾಳಿಗೆ ಎದುರಾಗಿ ನಿಂತು, ಮೂತಿಯನ್ನು ತುಸು ತಗ್ಗಿಸಿ, ಮುಂದಕ್ಕೆ ನೂಕಿ ಕೈಬಿಡಬೇಕು. ಇಷ್ಟನ್ನು ಒಂದು ಸಲ ತೋರಿಸಿ, ಅನಂತರ ಮಕ್ಕಳನ್ನು ಅವರ ಪಾಡಿಗೆ ಬಿಡುವುದೇ ಉತ್ತಮ ಬೋಧನೆ.

ಪತಂಗ ಹಾರಿಸುವುದರಲ್ಲಿ ನುರಿತ ಮಕ್ಕಳು ಈ ವಿದ್ಯೆಯನ್ನು ಬಹು ಬೇಗನೆ ಹಿಡಿಯುತ್ತಾರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಏಕೆಂದರೆ 1804ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಲಿ ನಿರ್ಮಿಸಿದ ಮೊಟ್ಟಮೊದಲ ಗ್ಲೈಡರ್ ಮಾದರಿಯ ರೆಕ್ಕೆಯಾದರೂ ಒಂದು ಗಾಳಿಪಟವೇ ಆಗಿತ್ತು. ಅವನು ಅದನ್ನು ಒಂದು ಕೋಲಿಗೆ ಬಿಗಿದು ಹಿಂದೆ ಬಾಲವನ್ನು ಕೂಡಿಸಿದ್ದನು. ಗಾಳಿಯ ದಿಕ್ಕನ್ನು ಕೆನ್ನೆಯಿಂದಲೇ ಅರಿಯುವ, ಕಾಗದದ ತೂಕವನ್ನು ಬೆರಳಿನಿಂದಲೇ ಅಳೆಯುವ ನಮ್ಮ ಪತಂಗದ ಹುಡುಗರು ಆ ಕೇಲಿಯ ಹತ್ತಿರದ ಬಂಧುಗಳು. ದಾರವೇ ಇಲ್ಲದ ಈ ಆಟದಲ್ಲಿ ಕುತ್ತಿಗೆ ಕೊಯ್ಯುವ ನೈಲಾನ್ ಮಾಂಜಾದ ಭಯವಿಲ್ಲವೆಂಬುದೂ ಒಂದು ಲಾಭವೇ.

ಇನ್ನೂ ಒಂದು ಪ್ರಯೋಜನವುಂಟು, ನನ್ನ ಮನಸ್ಸಿಗೆ ಅದು ಎಲ್ಲಕ್ಕಿಂತ ದೊಡ್ಡದು. ಕುಂಚಾವರಂ ಕಾಡಂಚಿನ ತಾಂಡಾಗಳಲ್ಲಿ ಮನೆಯ ಮಾತು ಲಂಬಾಣಿ, ತೆಲಂಗಾಣದ ಗಡಿಗೆ ಹೊಂದಿದ ಊರುಗಳಲ್ಲಿ ತೆಲುಗು, ಶಹಾಬಾದ ವಾಡಿಗಳ ಎಷ್ಟೋ ಮನೆಗಳಲ್ಲಿ ಉರ್ದು. ಆ ಮಕ್ಕಳು ಕನ್ನಡದ ತರಗತಿಯಲ್ಲಿ ಮೊದಲ ವರ್ಷಗಳನ್ನು ಮೌನವಾಗಿ ಕಳೆಯುವುದನ್ನು ತಾವೆಲ್ಲ ಬಲ್ಲಿರಿ. ಅವರಲ್ಲಿ ಕೆಲವರು ತಂದೆತಾಯಿಗಳೊಡನೆ ಮುಂಬಯಿಗೋ ಪುಣೆಗೋ ಹೈದರಾಬಾದಿಗೋ ಗುಳೆ ಹೋಗಿ, ತಿಂಗಳುಗಳ ಅನಂತರ ಮರಳಿ, ಪಾಠ ಮುಂದೆ ಹೋಗಿರುವುದನ್ನು ಕಂಡು ಹಿಂದಿನ ಸಾಲಿಗೆ ಸರಿಯುತ್ತಾರೆ. ವಿಮಾನ ಕಟ್ಟುವ ಕೆಲಸದಲ್ಲಿ ಅಂತಹ ಹಿಂದಿನ ಸಾಲೇ ಇಲ್ಲ. ಬೆರಳು ಚುರುಕಾಗಿದ್ದ ಮಗು ಮಾತು ಬಾರದಿದ್ದರೂ ಮುಂದಾಗುತ್ತದೆ. ಮುಂದಾದ ಮಗುವನ್ನು ಉಳಿದವರು ಸುತ್ತುವರಿದು ಕೇಳುತ್ತಾರೆ. ಕೇಳಿದವರಿಗೆ ಉತ್ತರ ಹೇಳಲೇಬೇಕಾದ ಒತ್ತಾಯದಲ್ಲಿ ಕನ್ನಡವೂ ಬಾಯಿಗೆ ಬರುತ್ತದೆ. ಗುಳೆಯಿಂದ ಮರಳಿದ ಹುಡುಗನು ಒಂದು ಕಣಕಿ ಕಡ್ಡಿಯನ್ನು ಹಿಡಿದು ಅದೇ ದಿನವೇ ಗೆಳೆಯರೊಡನೆ ಸರಿಸಮನಾಗಿ ಕುಳಿತುಕೊಳ್ಳಬಹುದು.

“ಇದರಿಂದ ಪರೀಕ್ಷೆಯಲ್ಲಿ ಎಷ್ಟು ಅಂಕ ಬರುತ್ತವೆ?” ಎಂದು ಕೇಳುವ ತಂದೆತಾಯಿಗಳೂ ಉಂಟು. ಅವರ ಪ್ರಶ್ನೆಯನ್ನು ನಾನು ಕಡೆಗಣಿಸುವವನಲ್ಲ. ಕಷ್ಟಪಟ್ಟು ಮಕ್ಕಳನ್ನು ಓದಿಸುವವರು ಹಾಗೆ ಕೇಳುವುದು ನ್ಯಾಯವೇ. ಅವರಿಗೆ ಹೇಳಬೇಕಾದುದಿಷ್ಟು: ಅಳತೆ, ಭಿನ್ನರಾಶಿ, ಕೋನ, ತೂಕ, ಸರಾಸರಿ ಇವೆಲ್ಲವೂ ಈ ಆಟದೊಳಗೇ ಹುದುಗಿವೆ, ರೆಕ್ಕೆಯ ಅಗಲದ ಮೂರರಲ್ಲಿ ಒಂದು ಭಾಗವನ್ನು ತಾನೇ ಗುರುತಿಸಿ ಬೆರಳಿಟ್ಟ ಮಗುವಿಗೆ ಭಿನ್ನರಾಶಿಯೆಂದರೆ ಅಂಜಿಕೆಯಿಲ್ಲ. ದೊಡ್ಡವರ ಲೋಕವಾದರೂ ಮಾದರಿಗಳನ್ನು ಬಿಟ್ಟು ನಡೆಯುತ್ತಿಲ್ಲ. ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ತರಬೇತಿ ವಿಮಾನವು 1951ರ ಆಗಸ್ಟಿನಲ್ಲಿ ಮೊದಲು ಹಾರಿತು. ಅವರ ಕಾಲದಲ್ಲಿಯೇ ರೂಪತಳೆದ ಕಿರಣ ಎಂಬ ಜೆಟ್ ವಿಮಾನವೇ ಬೀದರದ ಸೂರ್ಯಕಿರಣ ತಂಡಕ್ಕೆ ಹೆಸರನ್ನು ಕೊಟ್ಟಿತು. ಇಂದಿಗೂ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಶಾಲೆಯಲ್ಲಿರುವ 1.2 ಮೀಟರ್ ಅಗಲದ ವಾಯುಸುರಂಗದೊಳಗೆ, ಇನ್ನೂ ಹುಟ್ಟದಿರುವ ವಿಮಾನಗಳ ಕಿರಿಯ ಮಾದರಿಗಳನ್ನು ನಿಲ್ಲಿಸಿ ಗಾಳಿ ಹಾಯಿಸಿ, ಅವುಗಳ ಗುಣದೋಷಗಳನ್ನು ಅಳೆಯುತ್ತಾರೆ. ಶಾಲಾ ಪ್ರವಾಸಕ್ಕೆ ಬೆಂಗಳೂರಿಗೆ ಹೋಗುವವರು ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿರುವ ರೈಟ್ ಸೋದರರ ವಿಮಾನದ ಪೂರ್ಣಾಕಾರದ ಪ್ರತಿಕೃತಿಯನ್ನು ನೋಡದೆ ಮರಳಬಾರದು. ಗ್ಲೈಡರ್ ಕಟ್ಟಿದ ಮಗುವು ಅದನ್ನು ನೋಡುವ ನೋಟವೇ ಬೇರೆ.

ಗ್ಲೈಡರಿನಲ್ಲಿ ಪಳಗಿದವರಿಗೆ ರಬ್ಬರಿನ ಬಲದಿಂದ ಹಾರುವ ಮಾದರಿಯನ್ನು ಆರನೆಯ ಏಳನೆಯ ತರಗತಿಯಲ್ಲಿ ಕಲಿಸಬಹುದು. ರಬ್ಬರಿನ ಎಳೆಯನ್ನು ಎಷ್ಟು ಸುತ್ತು ತಿರುಚಿದರೆ ಎಷ್ಟು ಹೊತ್ತು ಹಾರಿತೆಂಬುದನ್ನು ಮಕ್ಕಳು ವಹಿಯಲ್ಲಿ ಬರೆದಿಡಲಿ. ಎಳೆಗಳು ಒಂದಕ್ಕೊಂದು ಉಜ್ಜಿ ಹರಿಯದಂತೆ ಅವುಗಳಿಗೆ ಔಡಲೆಣ್ಣೆ ಸವರುವುದು ಈ ಹವ್ಯಾಸಿಗಳಲ್ಲಿ ಹಿಂದಿನಿಂದ ನಡೆದು ಬಂದ ರೂಢಿ. ಆ ಎಣ್ಣೆಗಂತೂ ನಮ್ಮಲ್ಲಿ ಬರವಿಲ್ಲ. ಎನ್‌ಸಿಸಿಯ ವಾಯುದಳದ ಶಿಕ್ಷಣದಲ್ಲಿ ಮಾದರಿ ವಿಮಾನ ಕಟ್ಟಿ ಹಾರಿಸುವುದೂ ಒಂದು ಅಂಗವಾಗಿದೆ. ಮುಂದೆ ಅದನ್ನು ಸೇರುವ ಭಾಗ್ಯವುಳ್ಳವರಿಗೆ ಈ ಅಡಿಪಾಯ ಒದಗಿಬರುತ್ತದೆ. ರಿಮೋಟಿನಿಂದ ನಡೆಯುವ ವಿಮಾನಗಳನ್ನು ಮಾತ್ರ ಪ್ರಾಥಮಿಕ ಶಾಲೆಯಲ್ಲಿ ಬೇಡವೆಂದೇ ಹೇಳುತ್ತೇನೆ. ಅವುಗಳಿಗೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ಹಾರಿಸಬಹುದಾದ ವಲಯ ಯಾವುದು, ಎತ್ತರವೆಷ್ಟು ಎಂಬುದನ್ನು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಬೇಕು. ವಿಮಾನನೆಲೆಗಳ ಸಮೀಪದಲ್ಲಿ ನಿರ್ಬಂಧವೂ ಬಿಗಿ. ಹತ್ತು ವರ್ಷದ ಮಗುವಿಗೆ ಆ ಹೊಣೆಯನ್ನು ಹೊರಿಸುವುದು ತರವಲ್ಲ.

ಕೈಯಿಂದ ಬಿಡುವ ಗ್ಲೈಡರಿಗೆ ಅಂತಹ ತೊಡಕಿಲ್ಲವಾದರೂ ಎಚ್ಚರ ಬೇಡವೆಂದಲ್ಲ. ಆಕಾಶವನ್ನೇ ನೋಡುತ್ತ ಓಡುವ ಮಗುವಿಗೆ ಕಾಲಡಿಯ ನೆಲ ಕಾಣಿಸದು. ತೆರೆದ ಬಾವಿ, ಶಹಾಬಾದ ವಾಡಿಗಳ ಕಡೆಯ ನೀರು ನಿಂತ ಹಳೆಯ ಕಲ್ಲುಗಣಿ, ತೊಗರಿ ಕೊಯ್ದ ಹೊಲದಲ್ಲಿ ಮೊನಚಾಗಿ ನಿಂತ ಕೂಳೆ, ತಗ್ಗಿಗೆ ಜೋತ ವಿದ್ಯುತ್ ತಂತಿ, ಇವುಗಳಿಗೆ ದೂರವಾದ ಬಯಲನ್ನೇ ಆರಿಸಿಕೊಳ್ಳಬೇಕು. ಮಾಳಿಗೆಯ ಮೇಲೋ ತಂತಿಯ ಮೇಲೋ ಸಿಕ್ಕಿಬಿದ್ದ ವಿಮಾನವನ್ನು ಅಲ್ಲಿಯೇ ಬಿಟ್ಟು ಹೊಸದನ್ನು ಕಟ್ಟಬೇಕೆಂಬ ನಿಯಮವನ್ನು ಮೊದಲ ದಿನವೇ ಮಾಡಿಬಿಡಬೇಕು; ಕಣಕಿಯ ವಿಮಾನಕ್ಕೆ ಖರ್ಚಿಲ್ಲದಿರುವುದು ಇಲ್ಲಿ ಜೀವವುಳಿಸುವ ಗುಣವಾಗುತ್ತದೆ. ಮೂತಿಯನ್ನು ಜೇಡಿಮಣ್ಣಿನಿಂದ ಮೊಂಡಾಗಿಯೇ ಇರಿಸಬೇಕು. ಯಾರ ಮುಖದ ಕಡೆಗೂ ಬಿಡಕೂಡದು.

ಕಾಲದ ವಿಷಯದಲ್ಲಿ ನನ್ನ ಸಲಹೆ ಹೀಗಿದೆ. ಆಷಾಢದ ಗಾಳಿ ಇಷ್ಟು ಹಗುರವಾದ ವಿಮಾನಕ್ಕೆ ತಾಳಲಾರದಷ್ಟು ಬಿರುಸು. ಬೇಸಗೆಯಲ್ಲಿ ಹೊತ್ತೇರಿದಂತೆ ಬಂಡೆಯ ನೆಲ ಕಾದು ಸುಳಿಗಾಳಿ ಏಳುತ್ತದೆ. ದಸರೆಯ ರಜೆ ಮುಗಿದು ಶಾಲೆ ತೆರೆದ ಮೇಲೆ, ಕಾರ್ತಿಕದಿಂದ ಪುಷ್ಯದವರೆಗಿನ ಮುಂಜಾವಿನಲ್ಲಿ, ಎಲೆಯೂ ಅಲುಗದ ಒಂದು ಹೊತ್ತು ದೊರೆಯುತ್ತದೆ. ಶನಿವಾರದ ಬೆಳಗಿನ ಶಾಲೆ ಅದಕ್ಕೆ ತಕ್ಕ ಸಮಯ. ಚೀಲವಿಲ್ಲದೆ ಶಾಲೆಗೆ ಬರುವ ಸಂಭ್ರಮ ಶನಿವಾರವನ್ನು ಇದಕ್ಕಾಗಿ ಎತ್ತಿಟ್ಟರೆ ಪಾಠಕ್ಕೂ ಭಂಗವಿಲ್ಲ. ಸ್ಪರ್ಧೆಯನ್ನು ಏರ್ಪಡಿಸುವುದಾದರೆ ಅಂದಕ್ಕೆ ಬಹುಮಾನವಿಡಬೇಡಿ. ಅಂದಕ್ಕೆ ಬಹುಮಾನವಿಟ್ಟಲ್ಲಿ ಮನೆಯ ಹಿರಿಯರು ಕಟ್ಟಿಕೊಡುತ್ತಾರೆ. ಗಾಳಿಯಲ್ಲಿ ಹೆಚ್ಚು ಸೆಕೆಂಡು ನಿಂತುದಕ್ಕೆ ಒಂದು, ಸ್ಪರ್ಧೆಯ ಬಯಲಿನಲ್ಲಿಯೇ ಮುರಿದು ಅಲ್ಲಿಯೇ ತಿದ್ದಿ ಮತ್ತೆ ಹಾರಿಸಿದವರಿಗೆ ಇನ್ನೊಂದು ಬಹುಮಾನವಿರಲಿ.

ಸಮಿತಿಯ ಸದಸ್ಯರಲ್ಲಿ ನಾನು ಬೇಡುವುದು ಹಣವನ್ನಲ್ಲ. ಒಂದು ನುಣುಪಾದ ಪರಸಿ, ಕತ್ತರಿ ಹಾಳೆ ಅಂಟುಗಳನ್ನು ಇಡುವುದಕ್ಕೆ ಕಪಾಟಿನಲ್ಲಿ ಒಂದು ಅರೆ, ಮಾಗಿಯ ನಾಲ್ಕಾರು ಶನಿವಾರಗಳಿಗೆ ಬಯಲಿನ ಅನುಮತಿ, ಮತ್ತು ಕಣಕಿ ಕಡ್ಡಿಗಾಗಿ ಬಣವಿಗೆ ಕೈಯಿಕ್ಕಿದ ಮಕ್ಕಳನ್ನು ಬೈಯದಿರುವಂತೆ ಊರಿನವರಿಗೆ ಒಂದು ಮಾತು. ಇಷ್ಟನ್ನು ಈ ದಸರೆಗೆ ಮುಂಚಿತವಾಗಿ ಒದಗಿಸಿಕೊಡಬೇಕೆಂದು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಯಾವ ಶಾಲೆಯವರು ಕರೆದರೂ ಬಂದು, ಮೊದಲ ರೆಕ್ಕೆಯನ್ನು ಮಕ್ಕಳೊಡನೆ ನೆಲದ ಮೇಲೆ ಕುಳಿತು ಕತ್ತರಿಸುವುದಕ್ಕೆ ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಚಿಂಚೋಳಿಯ ಒಬ್ಬ ಮಾದರಿ ವಿಮಾನ ಹವ್ಯಾಸಿ